ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ

ಚಿಕ್ಕಬೈರಪ್ಪನವರ ಮನೆಯಲ್ಲಿ ಗೇಟಿನಿಂದ ಬಾಗಿಲಿಗೆ ನೆಟ್ಟಗೆ ನಡೆದು ಬರುವ ಹಾಗಿರಲಿಲ್ಲ. ಬನಶಂಕರಿ ಎರಡನೇ ಹಂತದ ಆ ಸೈಟು ಒಂದು ಕಾಲಕ್ಕೆ ಅವರದೇ ಹೊಲ. ಲೇಔಟ್ ಬಂದು ಹೊಲ ಹೋಯಿತು, ಹೊಲದ ಬಾವಿ ಮಾತ್ರ ಅಂಗಳದ ನಡುವೆ ಉಳಿದುಕೊಂಡಿತು. ನೀರು ಬತ್ತಿದ ಮೇಲೆ ಅದಕ್ಕೆ ಚಪ್ಪಡಿ ಎಳೆಸಿ ಮುಚ್ಚಿದರು, ಆದರೆ ಅದರ ಮೇಲೆ ಕಾಲಿಡಲು ಮುದುಕರು ಯಾರನ್ನೂ ಬಿಡಲಿಲ್ಲ. "ಅನ್ನ ಕೊಟ್ಟ ಬಾವಿ ಮ್ಯಾಲೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀರೇನ್ರೋ?" ಎಂದು ಗಾರೆಯವರನ್ನು ಗದರಿಸಿ, ದಾರಿ ಬಾವಿಯನ್ನು ಬಳಸಿಕೊಂಡು ಬರುವ ಹಾಗೆ ಕಲ್ಲು ಹಾಸಿಸಿದರು. ಹೀಗಾಗಿ ಗೇಟು ದಾಟಿದವರಿಗೆ ಮೊದಲು ಕಾಣುತ್ತಿದ್ದುದು ಹೊಂಗೆಮರ. ಅರ್ಧ ದಾರಿ ಬಂದು ತಿರುವಿನಲ್ಲಿ ನಿಂತರೆ ಮಾತ್ರ ಮನೆಯ ಮುಂದಿನ ಕೋಣೆಯ ಕಿಟಕಿ ಎದುರಾಗುತ್ತಿತ್ತು.

ಆ ಕಿಟಕಿಗೆ ಮನೆಯಲ್ಲಿ ಒಂದು ಕೆಲಸವಿತ್ತು. ಹನುಮಂತನಗರದ ಸಂಜೀವಯ್ಯ ಮೇಷ್ಟ್ರ ಮಗಳು ಕಾತ್ಯಾಯಿನಿ ಹಿರಿಯ ಸೊಸೆಯಾಗಿ ಬಂದ ಹೊಸತರಲ್ಲೇ ಅದನ್ನು ಕಂಡುಹಿಡಿದಿದ್ದಳು. ಮೈದುನ ಬೈರೇಶನಿಗೆ ಸಿನಿಮಾ ಹುಚ್ಚು, ಮಾವನಿಗೆ ಸಿನಿಮಾ ಎಂದರೆ ಮೈಯೆಲ್ಲ ಉರಿ. ಹುಡುಗ ಮ್ಯಾಟ್ನಿ ಮುಗಿಸಿ ಬಂದವನು ತಿರುವಿನಲ್ಲಿ ನಿಂತು ಕಿಟಕಿ ನೋಡುವನು. ಅಲ್ಲಿ ತಾಯಿಯ ಮುಖ ಕಂಡರೆ ಸರಸರನೆ ಒಳಗೆ ಬರುವನು. ಕಾಣದಿದ್ದರೆ ಅಪ್ಪ ಮನೆಯಲ್ಲಿದ್ದಾರೆ, ಕೆಂಡವಾಗಿದ್ದಾರೆ ಎಂದು ಅರ್ಥ. ಹಾಗೇ ತಿರುಗಿ ಕತ್ರಿಗುಪ್ಪೆ ಸರ್ಕಲ್ಲಿಗೆ ಹೋಗಿ ಟೀ ಕುಡಿದು ಹೊತ್ತು ಕಳೆಯುವನು.

"ಇದೇನತ್ತೆ ಇದು?" ಎಂದು ಹೊಸ ಸೊಸೆ ಕೇಳಿದಾಗ ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. "ರೈಲಿಗೆ ಕೈಮರ ಇರಲ್ವೇನೆ? ಹಂಗೆ. ನಿಮ್ ಮಾವಂಗೆ ಹೇಳ್ಬುಟ್ಟೀಯ!"

ಹೇಳಲಿಲ್ಲ. ಮಾವನಿಗೂ ಅದು ಗೊತ್ತಿತ್ತೆಂದು ಅವಳಿಗೆ ಅನುಮಾನ. ಗೊತ್ತಿಲ್ಲದವರ ಹಾಗೆ ಇರುವುದರಲ್ಲಿ ಆ ಮುದುಕರು ಗಟ್ಟಿಗರು.

ಸಿನಿಮಾದ ಜಗಳ ಸಾಮಾನ್ಯದ್ದು. ಎಂಬತ್ತಮೂರರ ಕಾರ್ತಿಕದಲ್ಲಿ ಬಂದ ಜಗಳ ಬೇರೆ. ಬೈರೇಶ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಸೇರಿ ಕಾಯಂ ಆದವನೇ ದೇವದಾಸರ ಮಗಳು ಯಶೋಧರೆಯನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಬಂದ. ದೇವದಾಸರು ಇದೇ ಹಳೆಯ ಊರಿನ ಕೇರಿಯವರು. ಅವರ ತಂದೆ ಇವರ ಹೊಲದಲ್ಲಿ ಕುಯ್ಲಿಗೆ ಬರುತ್ತಿದ್ದರು. ಈಗ ದೇವದಾಸರಿಗೆ ಅಂಚೆ ಕಚೇರಿ ಕೆಲಸ, ಹುಳಿಮಾವಿನಲ್ಲಿ ಸ್ವಂತ ಮನೆ, ನಡುಮನೆಯ ಗೋಡೆಗೆ ಬುದ್ಧನ ಪಟ. ಚಿಕ್ಕಬೈರಪ್ಪನವರ ಕಣ್ಣಿಗೆ ಇವೊಂದೂ ಬೀಳಲಿಲ್ಲ, ಕುಯ್ಲಿನ ಕುಡುಗೋಲು ಮಾತ್ರ ಕಂಡಿತು.

"ಗುಡಿ ಕಟ್ಟೆ ಮ್ಯಾಲೆ ಕೂತ್ಕೊಂಡು ನಾನ್ ಯಾವ್ ಮುಖದಾಗೆ ಮಾತಾಡ್ಲಿ?" ಎಂದರು.

"ಇದೇ ಮುಖದಲ್ಲೇ ಮಾತಾಡಿ. ನಾನೇನು ಕಳ್ಳತನ ಮಾಡಿದ್ನಾ?" ಎಂದ ಬೈರೇಶ.

"ನೀನು ಈ ಹೊಸ್ತಿಲು ತುಳಿದ ದಿವ್ಸ ನಾನು ಈ ಮನೇಲಿ ಮುದ್ದೆ ಮುರಿಯಲ್ಲ. ತಿಳ್ಕೋ."

ಅದು ಬರೀ ಮಾತಾಗಲಿಲ್ಲ. ಸಂಕ್ರಾಂತಿಗೆ ಬೈರೇಶ ಎಳ್ಳುಬೆಲ್ಲ ಹಿಡಿದುಕೊಂಡು ಬಂದು ಕೂತು ಹೋದ. ಮುದುಕರು ಅಂದಿನಿಂದ ಮೂರು ದಿನ ತಟ್ಟೆ ಮುಟ್ಟಲಿಲ್ಲ. ಗಂಡ ಉಣ್ಣದೆ ತಾನು ಉಣ್ಣಲಾರೆ ಎಂದು ಲಕ್ಷ್ಮಿದೇವಮ್ಮನೂ ಕೂತರು. ಮುದುಕರದು ಕಲ್ಲುಜೀವ, ತಡೆಯಿತು. ಲಕ್ಷ್ಮಿದೇವಮ್ಮ ಒಲೆಯ ಮುಂದೆ ತಲೆಸುತ್ತಿ ಬಿದ್ದರು. ಆಮೇಲೆ ಬೈರೇಶ ಬರಲಿಲ್ಲ. ಅವನು ಹೆದರಿದ್ದು ಅಪ್ಪನ ಸಿಟ್ಟಿಗಲ್ಲ, ಅಮ್ಮನ ಹಸಿವಿಗೆ.

ಅದೇ ಫಾಲ್ಗುಣದಲ್ಲಿ ಕಾತ್ಯಾಯಿನಿಯ ಮಗು ಹೋಯಿತು. ಏಳು ತಿಂಗಳು ತುಂಬಿತ್ತು, ಉಸಿರಿಲ್ಲದೆ ಹುಟ್ಟಿತು. ಆಸ್ಪತ್ರೆಯಿಂದ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು, ಏಳಲಿಲ್ಲ. ಗಂಡ ತಿಮ್ಮರಾಯಪ್ಪ ಒಳ್ಳೆಯವನೇ. ಆದರೆ ಸಿಮೆಂಟು ಪೈಪಿನ ಅಂಗಡಿ ಇಟ್ಟವನಿಗೆ ದುಃಖದ ಹತ್ತಿರ ಹೇಗೆ ಕೂರಬೇಕೆಂದು ತಿಳಿಯದು. ಬಾಗಿಲಲ್ಲಿ ನಿಂತು "ಕಾಫಿ ಕುಡಿದ್ಯಾ?" ಎನ್ನುವನು, ಹೋಗುವನು. ಅವಳಿಗೆ ತಲೆ ಬಾಚಿ, ಹಿಂಡಿದ ಬಟ್ಟೆಯ ಹಾಗೆ ಬಿದ್ದವಳನ್ನು ಕೂರಿಸಿ, ತುತ್ತು ಮಾಡಿ ಬಾಯಿಗಿಟ್ಟವರು ಅತ್ತೆ.

ಕಷ್ಟ ಒಂದರ ಹಿಂದೆ ಒಂದು ಬಂತು. ಯುಗಾದಿ ಕಳೆದ ಮೇಲೆ ಲಕ್ಷ್ಮಿದೇವಮ್ಮ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಇನ್ನು ನಿಲ್ಲುವುದು ಆಗದು ಎಂದರು ಡಾಕ್ಟರು. ಮುಂದಿನ ಕೋಣೆಯ ಕಿಟಕಿಗೆ ಆನಿಸಿ ಮಂಚ ಹಾಕಿದರು. ಬೆನ್ನಿಗೆ ದಿಂಬು ಒಟ್ಟಿ ಕೂರಿಸಿದರೆ ತಿರುವಿನಲ್ಲಿ ಬರುವವರ ತಲೆ ಕಾಣುತ್ತಿತ್ತು.

"ನಂಗೆ ಇದೇ ಒಳ್ಳೇ ಜಾಗ" ಎಂದರು ಲಕ್ಷ್ಮಿದೇವಮ್ಮ. ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಅಣ್ಣಮ್ಮನ ತಂಗಿ ಹುಳಿಮಾವಿನವಳು. ತಂಗಿಯ ಬಾಣಂತನ ನೋಡಲು ಹೊರಟ ಅಣ್ಣಮ್ಮನ ಕೈ ಹಿಡಿದು ಲಕ್ಷ್ಮಿದೇವಮ್ಮ ಹೇಳಿದ್ದನ್ನು ಕಾತ್ಯಾಯಿನಿ ಕೇಳಿಸಿಕೊಂಡಿದ್ದಳು. "ನನ್ ಮಗಂಗೆ ಹೇಳು. ಸಂಜೆ ಹೊತ್ತು ಅವ್ರು ಗುಡಿತಾವ ಹೋಗ್ತಾರೆ. ನಾನ್ ಕಿಟಕೀಲಿದ್ರೆ ಬರಾಕೇಳು, ಹಳೇ ಲೆಕ್ಕ." ಸೊಸೆ ಕೇಳಿಸದವಳಂತೆ ಅನ್ನದ ಗಂಜಿ ಬಸಿದಳು.

ಅಣ್ಣಮ್ಮ ಸುದ್ದಿ ಮುಟ್ಟಿಸಿ ಬಂದಳು. "ಬತ್ತೀನಿ ಅಂದ್ರು ಕಣಮ್ಮ. ಫ್ಯಾಕ್ಟ್ರೀಲಿ ಸ್ರಾವಣದ ಗಂಟ ಎಲ್ಡನೇ ಸಿಪ್ಟಂತೆ, ಅದು ಬದಲಾದ್ ಮ್ಯಾಕೆ ಬತ್ತಾರಂತೆ."

ಲಕ್ಷ್ಮಿದೇವಮ್ಮನ ಮುಖದಲ್ಲಿ ಅವತ್ತು ಒಂದು ಬೆಳಕು. ಆ ಬೆಳಕಿನಲ್ಲೇ ಅವರು ಸೊಸೆಯ ಕಡೆ ತಿರುಗಿದರು.

"ಕಾತ್ಯಾಯ್ನಿ, ಎಷ್ಟು ದಿವ್ಸ ಹಿಂಗ್ ಕೂತಿರ್ತೀಯ? ಕಿಟಕಿ ಕೆಳ್ಗೆ ಜಾಗ ಬೀಳು ಬಿದ್ದೈತೆ. ಏನಾದ್ರೂ ನೆಡು ಮಗ. ಮಣ್ಣು ಮುಟ್ಟು."

"ನಂಗ್ಯಾಕತ್ತೆ ಅವೆಲ್ಲ? ನನ್ನ ಕೈಲಿ ಏನು ಉಳಿಯುತ್ತೆ?"

"ಬಾಯ್ ಮುಚ್ಚು. ನೆಡು ಅಂದ್ರೆ ನೆಡು."

ಹೀಗೆ ಶುರುವಾಯಿತು. ತಿರುವಿನ ಒಳಮಗ್ಗುಲಿಗೂ ಕಿಟಕಿಯ ಗೋಡೆಗೂ ನಡುವೆ ಮೊರದ ಆಕಾರದ ಒಂದು ತುಂಡು ನೆಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕಾತ್ಯಾಯಿನಿ ಸೀರೆ ಎತ್ತಿಕಟ್ಟಿ ಗುದ್ದಲಿ ಹಿಡಿದಳು. ಮೊದಲ ದಿನ ಅಂಗೈ ಬೊಬ್ಬೆ ಬಂತು. ಎರಡನೆಯ ದಿನ ಹಸಿವಾಯಿತು. ಬಸ್ಸಾರಿನಲ್ಲಿ ಕಲಸಿದ ಅನ್ನವನ್ನು ಅಡುಗೆಮನೆಯಲ್ಲೇ ನಿಂತು ಉಂಡಳು. ಅದನ್ನು ಬಾಗಿಲ ಸಂದಿಯಿಂದ ನೋಡಿದ ತಿಮ್ಮರಾಯಪ್ಪ ಅಮ್ಮನ ಕೋಣೆಗೆ ಹೋಗಿ ಸುಮ್ಮನೆ ಮಂಚದ ಅಂಚಿಗೆ ಕೂತುಬಂದ.

ಗಿಡ ಯಾವುದು ಎಲ್ಲಿ ಎಂಬ ಮಾತು ಬಂದಾಗ ಅವಳು ಕಿಟಕಿಯ ಹೊರಗೆ ನಿಂತಿದ್ದಳು, ಅತ್ತೆ ಒಳಗೆ ಮಂಚದ ಮೇಲೆ.

"ಎತ್ತರದ್ದು ಹಿಂದ್ಕಾಕು, ಗಿಡ್ಡಂದು ಮುಂದ್ಕಿರ್ಲಿ" ಎಂದರು ಅತ್ತೆ.

ಕಾತ್ಯಾಯಿನಿಗೆ ತಿಂಗಳುಗಳಲ್ಲಿ ಮೊದಲ ಸಲ ನಗು ಬಂತು. "ಅಯ್ಯೋ, ನಮ್ಮಪ್ಪನೂ ಇದನ್ನೇ ಅಂತಿದ್ರು! ಲಾಲ್‌ಬಾಗಿಗೆ ಫ್ಲವರ್ ಶೋಗೆ ಕರ್ಕೊಂಡು ಹೋಗಿ, ನೋಡು ಮಗು, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ಯಾವುದೂ ಯಾವುದನ್ನೂ ಮರೆ ಮಾಡಬಾರದು ಅಂತ ತೋರಿಸೋರು."

"ಹೂಂ, ಮರೆ ಮಾಡ್ಬಾರ್ದು. ಅಷ್ಟೇಯ."

ಇಬ್ಬರದೂ ಒಂದೇ ಮಾತು. ಇಬ್ಬರಿಗೂ ಸಂತೋಷ.

ಕಾತ್ಯಾಯಿನಿ ಕಲ್ಲುದಾರಿಯಲ್ಲಿ ನಿಂತು ಅಳತೆ ಮಾಡಿದಳು. ದಾರಿಯಂಚಿಗೆ ಬಳುಕಿಕೊಂಡು ಟೇಬಲ್ ರೋಸ್, ಅದರ ಹಿಂದೆ ಗೌರಿಹೂವಿನ ಗಿಡ, ಅದರ ಹಿಂದೆ ಸೇವಂತಿಗೆ, ಎಲ್ಲಕ್ಕಿಂತ ಹಿಂದೆ ಗೋಡೆಗೆ ಒತ್ತಿ ಕಿಟಕಿಯ ಕೆಳಗೆ ಸಾಲಾಗಿ ಕಾಬಾಳೆ. ಕಾಬಾಳೆ ಅಲ್ಲೇ ಇರಲಿ ಎಂಬುದಕ್ಕೆ ಅವಳಿಗೆ ಇನ್ನೊಂದು ಆಸೆಯೂ ಇತ್ತು. ಏಳಲಾರದ ಅತ್ತೆಗೆ ಕಂಬಿಯಿಂದ ಕೈ ಚಾಚಿದರೆ ಕೆಂಪು ಹೂ ಸಿಗಬೇಕು. ಗಡ್ಡೆಗಳನ್ನು ಹನುಮಂತನಗರದ ತೌರಿನಿಂದ ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಮಾವ ಬಂದು ನೋಡಿದರು. "ಒಂದಾದ್ರೂ ತಿನ್ನೋದು ಐತಾ ಇದ್ರಾಗೆ?"

"ಇಲ್ಲ ಮಾವ."

"ಹುಳ್ಳಿಕಾಯಿ ಹಾಕಿದ್ರೆ ಸಾರಿಗಾಗಿರೋದು. ಬೆಂಡೆ ಹಾಕಿದ್ರೆ ಪಲ್ಯಕ್ಕಾಗಿರೋದು. ಇದು ಯಾತಕ್ಕಾಯ್ತದೆ?"

"ನೋಡೋಕಾಗುತ್ತೆ" ಎಂದಳು ಕಾತ್ಯಾಯಿನಿ.

"ನೋಡಿದ್ರೆ ಹೊಟ್ಟೆ ತುಂಬ್ತದಾ?"

ಒಳಗಿನಿಂದ ಲಕ್ಷ್ಮಿದೇವಮ್ಮನ ಧ್ವನಿ ಬಂತು. "ತುಂಬ್ತದೆ. ನೋಡ್ದೇ ಇದ್ರೇನೇ ತುಂಬಲ್ಲ."

ಮುದುಕರು ಬಾವಿಯ ಚಪ್ಪಡಿಯ ಕಡೆ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಗುಡಿಯ ಕಡೆ ಹೊರಟರು. ಆ ಮಾತು ಯಾರಿಗೆ ಆಡಿದ್ದೆಂದು ಅವರಿಗೆ ತಿಳಿಯದೆ ಏನಲ್ಲ.

ಆಷಾಢದಲ್ಲಿ ಜಿಟಿಜಿಟಿ ಮಳೆ. ಕಾಬಾಳೆ ಹಾಳು ಗಿಡ, ನೀರು ಕಂಡರೆ ಹುಚ್ಚಾಗಿ ಬೆಳೆಯುತ್ತದೆ. ಬಾಳೆಯೆಲೆಯಂಥ ಅಗಲದ ಎಲೆ ಬಿಚ್ಚಿಕೊಂಡು ಮೊದಲು ಕಿಟಕಿಯ ಕೆಳಗಿನ ಅಂಚಿಗೆ ಬಂತು. ಬೆಳಿಗ್ಗೆ ಅತ್ತೆಗೆ ರಾಗಿಗಂಜಿ ಕುಡಿಸುತ್ತ ಕಾತ್ಯಾಯಿನಿ ಹೆಮ್ಮೆಯಿಂದ ಎಲೆಯ ಮೇಲಿನ ನೀರು ತೋರಿಸುವಳು.

"ನೋಡಿ ಅತ್ತೆ, ಮನೆಯೊಳಕ್ಕೇ ಬರ್ತಿದೆ."

"ಹೂಂ. ಇನ್ನೂ ಎಷ್ಟುದ್ದ ಆಯ್ತದೆ ಇದು?"

"ಇನ್ನೂ ಬೆಳೆಯುತ್ತೆ! ಕಿಟಕಿ ಪೂರ್ತಿ ಬರುತ್ತೆ. ಹೂ ಬಿಟ್ಟಾಗ ನೋಡಬೇಕು ನೀವು."

ಲಕ್ಷ್ಮಿದೇವಮ್ಮ ಸೊಸೆಯ ಮುಖವನ್ನೇ ನೋಡಿದರು. ಕೆನ್ನೆಗೆ ಬಣ್ಣ ಬಂದಿತ್ತು, ಉಗುರಿನ ಸಂದಿಯಲ್ಲಿ ಮಣ್ಣಿತ್ತು. "ಬೆಳೀಲಿ" ಎಂದರು. "ಚೆನ್ನಾಗ್ ಬೆಳೀಲಿ ಬುಡು."

ಶ್ರಾವಣದ ಹೊತ್ತಿಗೆ ಬೀದಿಯವರು ಗೇಟಿನೊಳಗೆ ಇಣುಕತೊಡಗಿದರು. ತಿರುವಿನಲ್ಲಿ ನಿಂತು "ಏನ್ರೀ ಇದು, ಲಾಲ್‌ಬಾಗೇ ತಂದಿಟ್ಟಿದ್ದೀರಲ್ಲ!" ಎನ್ನುವರು. ಎದುರುಮನೆಯ ಬ್ಯಾಂಕಿನವರು ಕ್ಯಾಮೆರಾ ತಂದು, ಹೂಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದರು. ಕಾತ್ಯಾಯಿನಿ ಬಂದವರಿಗೆಲ್ಲ ಕಾಫಿ ಮಾಡುವಳು. ಗಂಡ ತಮಾಷೆ ಮಾಡುವನು: "ಟಿಕೇಟು ಇಟ್ಬಿಡೋಣವೇನೆ?"

ಒಳಗೆ ಅತ್ತೆ ಮಾತು ಕಮ್ಮಿ ಮಾಡಿದರು. ತುತ್ತು ಕಮ್ಮಿಯಾಯಿತು. ಮೊದಲು ಕಣ್ಣು ಕಿಟಕಿಯ ಕಡೆ ಇರುತ್ತಿತ್ತು, ಈಗ ಕಿವಿ ಇರುತ್ತಿತ್ತು.

"ಗೇಟ್ ಸದ್ದಾಯ್ತಲ್ವಾ?" ಎಂದರು ಒಂದು ಸಂಜೆ.

ಕಾತ್ಯಾಯಿನಿ ಅಡುಗೆಮನೆಯಲ್ಲಿ ನೆನೆಸಿದ ಒಣ ಅವರೆಕಾಳು ಹಿದುಕುತ್ತಿದ್ದಳು. "ಗಾಳಿಗತ್ತೆ."

"ಯಾರೋ ಬಂದಂಗಾಯ್ತು. ಒಸಿ ನೋಡವ್ವ."

ಅವಳು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ದಾರಿಯಲ್ಲಿ ಯಾರೂ ಇರಲಿಲ್ಲ. ಗೇಟಿನ ಚಿಲಕ ಮಾತ್ರ ಇಳಿಬಿದ್ದು ಅಲ್ಲಾಡುತ್ತಿತ್ತು. "ಯಾರೂ ಇಲ್ಲತ್ತೆ. ದನ ಬಂದಿತ್ತೋ ಏನೋ. ಸದ್ಯ, ಗಿಡಕ್ಕೆ ಬಾಯಿ ಹಾಕಿಲ್ಲ."

ಗೌರಿಹಬ್ಬದ ಹಿಂದಿನ ದಿನವೂ ಹೀಗೇ ಕೇಳಿದರು. ಅವತ್ತು ಅವಳಿಗೆ ಒಬ್ಬಟ್ಟಿನ ಹೂರಣದ ಕೆಲಸ. ಅಲ್ಲಿಂದಲೇ "ಗಾಳಿ ಗಾಳಿ" ಎಂದು ಕೂಗಿದಳು.

ಭಾನುವಾರ ಬಂದರೆ ಅತ್ತೆ "ಕೈಮ ಸಾರು ಮಾಡು" ಎನ್ನುವರು. ಅದು ಬೈರೇಶನ ಇಷ್ಟದ ಸಾರು. ಮಾವ ತಟ್ಟೆಯ ಮುಂದೆ ಕೂತು ಮೂಸಿ ನೋಡಿ, "ಇದ್ಯಾರು ಮಾಡಾಕೇಳಿದ್ದು?" ಎನ್ನುವರು. ಒಂದು ಭಾನುವಾರ ತಿಮ್ಮರಾಯಪ್ಪನಿಗೆ ತಡೆಯಲಾಗಲಿಲ್ಲ.

"ಅಪ್ಪ, ಅಮ್ಮ ದಿನದಿನಕ್ಕೆ ಇಳ್ದೋಗ್ತಾವ್ರೆ. ಅವನ್ನ ಒಂದ್ಸಲ ಕರ್ಸಿ."

"ಬಂದ್ರೆ ಬೇಡ ಅಂತ ಕಟ್ಟಾಕಿದೀನೇನ್ಲಾ?"

"ಮುದ್ದೆ ಮುರಿಯಲ್ಲ ಅಂತ ಕೂತ್ರೆ ಅವನು ಹೆಂಗ್ ಬರ್ತಾನೆ? ನಿಮ್ ಹಟಕ್ಕೆ ಅಮ್ಮ ಉಪವಾಸ ಬೀಳ್ಬೇಕಾ?"

"ಹಡ್ದವಳ ಮ್ಯಾಲೆ ಪ್ರೀತಿ ಇದ್ರೆ ನನ್ನ ಉಪವಾಸ ಅಡ್ಡ ಬತ್ತದಾ? ಕಾಯಿಲೆ ಅಂತ ಗೊತ್ತು. ಒಂದಿನ ತಿರುಗಿ ನೋಡಿದ್ನಾ? ಹೆಂಡ್ತಿ ಕಡೆಯವನಾದ ಕಣ್ಲಾ ಅವನು."

ಆ ಕೋಣೆಗೂ ಊಟದ ಮನೆಗೂ ನಡುವೆ ಒಂದೇ ಗೋಡೆ. ಲಕ್ಷ್ಮಿದೇವಮ್ಮ ಕೇಳಿಸಿಕೊಂಡರು. ಅವತ್ತಿನ ಕೈಮ ಸಾರನ್ನು ಕಾತ್ಯಾಯಿನಿ ಬಾಯಿಗಿಟ್ಟರೆ ತುಟಿ ಬಿಚ್ಚಲಿಲ್ಲ. "ಅವನು ಬರ್ಲಿಲ್ಲ ಅಲ್ವಾ?" ಎಂದರು, ಪ್ರಶ್ನೆಯೋ ಉತ್ತರವೋ ತಿಳಿಯದ ಹಾಗೆ. ಸೊಸೆ ಅವರ ಹಣೆ ಸವರಿದಳು. ಒಳಗೊಳಗೇ ಅವಳಿಗೂ ಮೈದುನನ ಮೇಲೆ ಸಿಟ್ಟಿತ್ತು. ಹುಳಿಮಾವೇನು ಕಾಶಿಯಾ? ಇಂಥ ತಾಯಿಯನ್ನು ಬಿಟ್ಟು ಇರುವುದಕ್ಕಾದರೂ ಹೇಗೆ ಮನಸ್ಸು ಬರುತ್ತದೆ?

ಕಾಬಾಳೆ ಹೂ ಬಿಟ್ಟಿತು. ಕಿಟಕಿ ತುಂಬ ಕೆಂಪು. ಕಾತ್ಯಾಯಿನಿ ಒಂದು ಹೂವನ್ನು ಕಂಬಿಯೊಳಗಿಂದ ಎಳೆದು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಅವಳ ತುರುಬಿಗೇ ಸಿಕ್ಕಿಸಿದರು. "ನಿನ್ ಕೈಲಿ ಉಳ್ದದೆ ನೋಡು" ಎಂದರು. "ಎಲ್ಲಾ ಉಳೀತವೆ. ಮುಂದ್ಕೂ ಉಳೀತವೆ."

ಆಯುಧಪೂಜೆ ಮುಗಿದ ವಾರದಲ್ಲಿ, ಬೆಳಿಗ್ಗೆ ಗಂಜಿಯ ಲೋಟ ಹಿಡಿದು ಹೋದಾಗ ಲಕ್ಷ್ಮಿದೇವಮ್ಮ ದಿಂಬಿಗೆ ಒರಗಿ, ಮುಖ ಕಿಟಕಿಯ ಕಡೆ ಮಾಡಿಕೊಂಡೇ ಹೋಗಿಬಿಟ್ಟಿದ್ದರು.

ಬೈರೇಶ ಬಂದ. ಯಶೋಧರೆಯೂ ಬಂದಳು. ಅವಳು ಗೇಟಿನ ಹತ್ತಿರ ಹೊಂಗೆಮರದ ಕೆಳಗೇ ನಿಂತಳು, ಯಾರೂ ಒಳಗೆ ಬಾ ಎನ್ನಲಿಲ್ಲ. ಬೈರೇಶ ಚಟ್ಟಕ್ಕೆ ಹೆಗಲು ಕೊಟ್ಟ. ಅಪ್ಪ ಬೇಡ ಎನ್ನಲಿಲ್ಲ, ಅವನತ್ತ ನೋಡಲೂ ಇಲ್ಲ. ಮಣ್ಣು ಮಾಡಿದ ಮೇಲೆ ಅವನು ಮನೆಗೆ ಬಾರದೆ ಸ್ಮಶಾನದಿಂದಲೇ ಹೊರಟುಹೋದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮತ್ತೆ ಬಂದ. ಯಶೋಧರೆ ಮತ್ತೆ ಹೊಂಗೆಮರದ ಕೆಳಗೆ. ನೆಂಟರೆಲ್ಲ ಒಳಗೆ ಎಲೆಯ ಮುಂದೆ ಕೂತಿದ್ದರೂ ಅವನು ಬಾಗಿಲ ತನಕ ಬಾರದೆ ತಿರುವಿನ ಕಲ್ಲಿನಂಚಿಗೆ ಕುಕ್ಕರುಗಾಲಲ್ಲಿ ಕೂತ. ಕಾತ್ಯಾಯಿನಿ ಕಾಫಿ ತಂದುಕೊಟ್ಟಳು. ಕೊಟ್ಟು ಸುಮ್ಮನೆ ಹೋಗಬೇಕೆಂದಿದ್ದವಳಿಗೆ ಆಗಲಿಲ್ಲ.

"ಬದುಕಿದ್ದಾಗ ಬರಬೇಕಿತ್ತು ಬೈರೇಶ. ಎಷ್ಟು ದಾರಿ ನೋಡಿದ್ರು ಗೊತ್ತಾ ನಿಮಗೆ?"

ಅವನು ತಲೆ ಎತ್ತಿದ. "ಬಂದಿದ್ದೆ ಅತ್ತಿಗೆ."

"ಯಾವಾಗ?"

"ಶ್ರಾವಣದಲ್ಲಿ ಬಂದೆ. ಗೌರಿಹಬ್ಬದ ಹಿಂದಿನ ದಿನ ಬಂದೆ, ಯಶೋಧರೆ ಅಮ್ಮನಿಗೆ ಅಂತ ಬಳೆ ಕೊಟ್ಟಿದ್ಲು. ಆಮೇಲೂ ಒಂದ್ಸಲ ಬಂದೆ. ಇಲ್ಲೇ ನಿಂತ್ಕೊಂಡೆ. ಮಬ್ಬುಗತ್ತಲಲ್ಲಿ ಎಷ್ಟು ನೋಡಿದ್ರೂ ಅಮ್ಮ ಕಿಟಕೀಲಿರ್ಲಿಲ್ಲ."

"ಆದ್ರೂ ಒಳಗೆ ಬರಬಹುದಿತ್ತಲ್ಲ?" ಎಂದಳು ಕಾತ್ಯಾಯಿನಿ.

"ಕಿಟಕೀಲಿದ್ರೆ ಬಾ ಅಂತ ಅಣ್ಣಮ್ಮನ ಕೈಲಿ ಅಮ್ಮನೇ ಹೇಳಿಕಳಿಸಿದ್ದು. ಒಂದ್ಸಲ ಇಲ್ಲ, ಅಪ್ಪ ಇರಬೇಕು ಅಂದ್ಕೊಂಡೆ. ಎರಡನೇ ಸಲಾನೂ ಇಲ್ಲ. ಮೂರನೇ ಸಲ ಬರುವಾಗ ಅಪ್ಪ ಗುಡಿ ಕಟ್ಟೇಲಿ ಕೂತಿದ್ದನ್ನ ಕಣ್ಣಾರೆ ನೋಡ್ಕೊಂಡೇ ಬಂದೆ. ಆಗಲೂ ಇರ್ಲಿಲ್ಲ." ಅವನು ಕಾಫಿಯ ಲೋಟವನ್ನು ಕಲ್ಲಿನ ಮೇಲಿಟ್ಟ. "ಅಪ್ಪ ಅಲ್ಲ, ಅಮ್ಮನೇ ಬೇಡ ಅಂದ್ಬಿಟ್ರು ಅಂತ ಗೊತ್ತಾಯ್ತು. ಕೇರಿ ಹುಡುಗಿ ಅಂತ ಅವ್ರಿಗೂ ಅನ್ನಿಸಿರಬೇಕು. ನಾನ್ಯಾಕೆ ಬಲವಂತ ಮಾಡ್ಲಿ ಅತ್ತಿಗೆ? ಹೋಗ್ಲಿ ಬಿಡಿ, ಹೂ ಚೆನ್ನಾಗಿವೆ."

ಅವಳು ಅವನು ಕೂತಲ್ಲೇ ಪಕ್ಕದಲ್ಲಿ ನಿಂತು ಮನೆಯ ಕಡೆ ನೋಡಿದಳು. ಎಷ್ಟೋ ಜನರ ಜೊತೆ ಇಲ್ಲಿ ನಿಂತು ಹೂ ನೋಡಿದ್ದಳು, ಒಂದು ಸಲವೂ ಕಿಟಕಿ ನೋಡಿರಲಿಲ್ಲ. ಟೇಬಲ್ ರೋಸ್, ಗೌರಿಹೂ, ಸೇವಂತಿಗೆ, ಕಾಬಾಳೆ. ಯಾವುದೂ ಯಾವುದನ್ನೂ ಮರೆ ಮಾಡಿರಲಿಲ್ಲ. ಕಿಟಕಿ ಮಾತ್ರ ಎಲ್ಲೂ ಇರಲಿಲ್ಲ.

ಅವಳು ಓಡುವ ಹಾಗೆ ಒಳಗೆ ಹೋದಳು. ಮುಂದಿನ ಕೋಣೆಯಲ್ಲಿ ಮಂಚವನ್ನು ಇನ್ನೂ ತೆಗೆದಿರಲಿಲ್ಲ. ಹಾಸಿಗೆ ಸುತ್ತಿಟ್ಟ ಬರಿಯ ಹಲಗೆಯ ಮೇಲೆ ಕೂತು ಅತ್ತೆ ಒರಗುತ್ತಿದ್ದ ಹಾಗೆ ಒರಗಿದಳು. ಎಲೆ. ಎಲೆಯ ಹಿಂದೆ ಎಲೆ. ಅತ್ತೆ ಹಿಂದೆ ಎಂದಿದ್ದು ಈ ಮಂಚದಿಂದ ನೋಡಿ, ದಾರಿಯ ಕಡೆಗೆ. ಅಲ್ಲಿ ಎಷ್ಟೆತ್ತರ ಬೆಳೆದಿದ್ದರೂ ಅದರ ಮೇಲೆ ಮಗನ ತಲೆ ಕಾಣುತ್ತಿತ್ತು. ತಾನು ಹಿಂದೆ ಎಂದುಕೊಂಡಿದ್ದು ದಾರಿಯಲ್ಲಿ ನಿಂತು, ಗೋಡೆಯ ಕಡೆಗೆ.

ಅಣ್ಣಮ್ಮ ಎಂಜಲೆಲೆಗಳನ್ನು ಎತ್ತುತ್ತಿದ್ದವಳು ಬಾಗಿಲಲ್ಲಿ ನಿಂತಳು.

"ಅಣ್ಣಮ್ಮ, ಅತ್ತೆಗೆ ದಾರಿ ಕಾಣ್ತಿರ್ಲಿಲ್ಲ ಅಲ್ವಾ? ನಂಗ್ಯಾಕೆ ಹೇಳ್ಲಿಲ್ಲ ಅವರು? ನೀನಾದ್ರೂ ಯಾಕೆ ಹೇಳ್ಲಿಲ್ಲ?"

ಅಣ್ಣಮ್ಮ ಕಣ್ಣೊರೆಸಿಕೊಂಡಳು. "ನಾನ್ ಅಂದೆ ಕಣಮ್ಮ. ಎಲ್ಡು ಬುಡ ಕಿತ್ತಾಕ್ಲಾ ಅಂತ ಕೇಳ್ದೆ. ಬ್ಯಾಡ ಅಂದ್ರು. ಆ ಹೆಣ್ಣು, ಕೂಸು ಕಳ್ಕಂಡು ಗೋಡೆ ಕಡೆ ಮಲ್ಗಿತ್ತು, ಈಗ ಎದ್ದು ಓಡಾಡ್ತದೆ. ಅದು ನೆಟ್ಟಿದ್ದನ್ನ ಕೀಳು ಅಂತ ನನ್ ಬಾಯಾಗೆ ಬರಲ್ಲ. ಮಗ ಬಂದ್ರೆ ಗೇಟ್ ಸದ್ದಾಯ್ತದೆ ಬುಡು ಅಂದ್ರು. ನನ್ ಮ್ಯಾಲೆ ಆಣೆ ಇಕ್ಕುಸ್ಕಂಡ್ರು."

ಗೇಟು ಸದ್ದಾಗಿತ್ತು. ಗಾಳಿ ಎಂದವಳು ತಾನೇ.

ಕಾತ್ಯಾಯಿನಿ ಅಳುತ್ತ ಕೂರಲಿಲ್ಲ. ಅಳು ಆಮೇಲೆ ಬಂತು, ಬಹಳ ದಿನ ಬಂತು. ಆಗ ಅವಳು ಅಡುಗೆಮನೆಯ ಮೂಲೆಯಿಂದ ಕುಡುಗೋಲು ತೆಗೆದುಕೊಂಡು ಹೊರಗೆ ಬಂದಳು. ಊಟ ಮುಗಿಸಿ ಕೈತೊಳೆಯುತ್ತಿದ್ದ ನೆಂಟರು ದಾರಿ ಬಿಟ್ಟರು. "ಏಯ್, ಏನೇ ಮಾಡ್ತೀಯ?" ಎಂದು ತಿಮ್ಮರಾಯಪ್ಪ ಹಿಂದೆ ಬಂದ.

ಅವಳು ಬೈರೇಶನ ಮುಂದೆ ನಿಂತಳು. ಹೇಳದಿದ್ದರೆ ಅಮ್ಮ ತನ್ನನ್ನು ಬೇಡವೆಂದಳು ಎಂದುಕೊಂಡೇ ಅವನು ಸಾಯುವವರೆಗೂ ಬದುಕುತ್ತಾನೆ. ಹೇಳಿದರೆ ತನ್ನ ಮುಖ ನೋಡುತ್ತಾನೋ ಇಲ್ಲವೋ.

"ಅತ್ತೆ ಕಿಟಕೀಲೇ ಇದ್ರು ಬೈರೇಶ" ಎಂದಳು. "ಮೂರು ಸಲವೂ ಇದ್ರು. ಒಂದು ದಿನವೂ ಬಿಟ್ಟು ಕದಲಿಲ್ಲ. ನಾನು ಅಡ್ಡ ನೆಟ್ಟಿದ್ದೆ."

ಅವನು ಅವಳನ್ನು ನೋಡಿ, ಕಾಬಾಳೆಯ ಸಾಲನ್ನು ನೋಡಿದ. ತಿಳಿದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಾತ್ಯಾಯಿನಿ ಸೇವಂತಿಗೆಯನ್ನು ತುಳಿದುಕೊಂಡೇ ಹೋಗಿ ಗೋಡೆಯ ಬುಡದಲ್ಲಿ ಬಗ್ಗಿ ಕಾಬಾಳೆಯ ನಡುವಿನ ಗುಂಪಿಗೆ ಕುಡುಗೋಲು ಹಾಕಿದಳು. ನೀರುಗಿಡ, ಒಂದೇ ಏಟಿಗೆ ಮಲಗಿತು.

ಎಲೆ ಬಿದ್ದ ಜಾಗದಲ್ಲಿ ಕಿಟಕಿ ಕಂಡಿತು. ಕಿಟಕಿಯಲ್ಲಿ ಒಂದು ಮುಖವಿತ್ತು.

ಚಿಕ್ಕಬೈರಪ್ಪನವರು ಯಾವಾಗ ಆ ಕೋಣೆಗೆ ಬಂದರೋ, ಅಣ್ಣಮ್ಮನ ಮಾತು ಎಷ್ಟು ಕೇಳಿಸಿಕೊಂಡರೋ. ಹೆಂಡತಿಯ ಮಂಚದ ಮೇಲೆ ಕೂತು ಕಂಬಿ ಹಿಡಿದುಕೊಂಡಿದ್ದರು. ತಿರುವಿನಲ್ಲಿ ಕೂತಿದ್ದ ಮಗನನ್ನು ನೋಡಿದರು. ಮಗನೂ ನೋಡಿದ. ಮುದುಕರು ಕಿಟಕಿ ಬಿಟ್ಟು ಏಳಲಿಲ್ಲ.

"ಊಟ ಆರೋಯ್ತದೆ" ಎಂದರು. ಯಾರಿಗೆ ಎಂದು ಹೇಳಲಿಲ್ಲ.

ಬೈರೇಶ, ಹಿಂದೆ ಇದೇ ತಿರುವಿನಲ್ಲಿ ನಿಂತು ಅಮ್ಮನನ್ನು ಕಣ್ಣಲ್ಲೇ ಕೇಳುತ್ತಿದ್ದ ಹಾಗೆ, ಹೋಗಲಾ ಎಂದು ಕಾತ್ಯಾಯಿನಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಎದ್ದು, ಮನೆಯ ಕಡೆ ಬಾರದೆ ಮೊದಲು ಗೇಟಿನ ಕಡೆ ನಡೆದ, ಹೊಂಗೆಮರದ ಕೆಳಗೆ ನಿಂತವಳನ್ನು ಕರೆತರಲು.

ಕಾತ್ಯಾಯಿನಿ ಕುಡುಗೋಲು ಹಿಡಿದು ಅಲ್ಲೇ ನಿಂತಿದ್ದಳು. ಅವಳು ಕಡಿದದ್ದು ಒಂದೇ ಗುಂಪು. ಒಂದು ಮುಖ ಹಿಡಿಯುವಷ್ಟು ಸಂದಿ. ಅತ್ತೆಗೆ ಬೇಕಾಗಿದ್ದುದು ಅಷ್ಟೇ ಜಾಗ.